ವಿಯೆನ್ನಾದ ಬಾಲ್‌ಗೆ ಗುಂಪಾಗಿ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲದಲ್ಲಿ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋಗಿ, ಒಂದು ರಾತ್ರಿ ಅರಮನೆಯಲ್ಲಿ ಜೋಡಿಯಾಗಿ ಸುತ್ತುತ್ತಾ ವಾಲ್ಟ್ಜ್ ಕುಣಿದು ಬರೋಣ ಅಂದ ಕೂಡಲೇ ಗುಂಪಿನಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ಸೀರೆ ಉಡಬಹುದಾ, ಊಟ ಏನು, ಡಾನ್ಸ್ ಬರದಿದ್ದರೆ ಏನು ಗತಿ? ಜಾಸ್ತಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇವೆ.

ಬಾಲ್ ಅಂದರೆ ಏನು? ನಾವು ಕೂತು ನೋಡುವ ಶೋ ತಾನೇ?

ಅಲ್ಲ. ಮೊದಲು ಇದನ್ನು ತಲೆಯಿಂದ ತೆಗೆದುಹಾಕಿ. ಬಾಲ್ ಅಂದರೆ ಬಂದವರೆಲ್ಲ ರಾತ್ರಿಯಿಡೀ ಕುಣಿಯುವ ಕೂಟ. ಶುರುವಿನ ಸುಮಾರು ಒಂದು ಗಂಟೆ ಮಾತ್ರ ನೋಡುವ ಕಾರ್ಯಕ್ರಮ ಇರುತ್ತದೆ. ಬಿಳಿ ಗೌನ್ ತೊಟ್ಟ ಹುಡುಗಿಯರು, ಕಪ್ಪು ಕೋಟಿನ ಹುಡುಗರು ಜೋಡಿಜೋಡಿಯಾಗಿ ಬರುತ್ತಾರೆ. ಇವರನ್ನು ಡೆಬ್ಯುಟಾಂಟ್‌ಗಳು ಅನ್ನುತ್ತಾರೆ. ವಾರಗಟ್ಟಲೆ ಅಭ್ಯಾಸ ಮಾಡಿದ ಸಾಲು ನೃತ್ಯ ಮಾಡಿ, ಕೊನೆಗೆ ಎಡಕ್ಕೆ ತಿರುಗುವ ವಾಲ್ಟ್ಜ್ ಕುಣಿಯುತ್ತಾರೆ. ಆಮೇಲೆ ಒಬ್ಬರು "ಆಲೆಸ್ ವಾಲ್ಟ್ಸರ್!" ಎಂದು ಕೂಗುತ್ತಾರೆ. ಎಲ್ಲರೂ ವಾಲ್ಟ್ಜ್‌ಗೆ ಬನ್ನಿ ಅಂತ ಅರ್ಥ. ಅಲ್ಲಿಂದ ಬೆಳಗಿನ ಜಾವ ನಾಲ್ಕು, ಐದು ಗಂಟೆವರೆಗೆ ನೆಲ ನಿಮ್ಮದು. ಟಿಕೆಟ್ ತಗೊಂಡ ಯಾರು ಬೇಕಾದರೂ ಕುಣಿಯಬಹುದು. ಸುಮ್ನೆ ಗೋಡೆಗೆ ಒರಗಿ ಫೋಟೋ ತೆಗೆಯುತ್ತಾ ನಿಂತರೆ ಹನ್ನೊಂದು ಗಂಟೆಗೇ ಬೇಜಾರಾಗಿ ರೂಮಿಗೆ ಹೊರಡುತ್ತೀರಿ.

ವಿಯೆನ್ನಾನೇ ಯಾಕೆ?

ಬೇರೆ ಊರುಗಳಲ್ಲೂ ಬಾಲ್ ಇವೆ. ಆದರೆ ಇಲ್ಲಿ ಒಂದೇ ಸೀಸನ್ನಿನಲ್ಲಿ ನಾನೂರಕ್ಕೂ ಹೆಚ್ಚು ನಡೆಯುತ್ತವೆ. ಹೆಚ್ಚಿನವು ಪ್ರವಾಸಿಗರಿಗಾಗಿ ಮಾಡಿದ್ದಲ್ಲ. ಡಾಕ್ಟರರದ್ದು ಒಂದು, ಎಂಜಿನಿಯರರದ್ದು ಒಂದು, ಬೇಟೆಗಾರರದ್ದು ಒಂದು. ಕಾಫಿ ಹೌಸ್ ಮಾಲೀಕರದ್ದು, ಮಿಠಾಯಿ ಮಾಡುವವರದ್ದು, ಹೂವಿನವರದ್ದು ಕೂಡ ಇದೆ. ಹದಿನೆಂಟನೇ ಶತಮಾನದಲ್ಲೇ ಹೋಫ್‌ಬುರ್ಗ್ ಅರಮನೆಯ ನೃತ್ಯಶಾಲೆಗಳ ಬಾಗಿಲು ಊರಿನ ಜನರಿಗೂ ತೆರೆದಿತ್ತು. 1814–15ರಲ್ಲಿ ನೆಪೋಲಿಯನ್ ನಂತರದ ಯುರೋಪನ್ನು ಹಂಚಿಕೊಳ್ಳಲು ರಾಜರು, ಮಂತ್ರಿಗಳು ಇಲ್ಲಿ ಸೇರಿದಾಗ, ಸಭೆಗಿಂತ ಕುಣಿತವೇ ಜಾಸ್ತಿ ಆಯಿತು ಅಂತ ಆಗಿನವರೇ ಗೇಲಿ ಮಾಡಿದ್ದರು. ಆಮೇಲೆ ವಾಲ್ಟ್ಜ್ ಸಂಗೀತಕ್ಕೇ ಹೆಸರಾದ ಸ್ಟ್ರಾಸ್ ಕುಟುಂಬ ಬಂತು. ಮಗ ಯೋಹಾನ್ ಸ್ಟ್ರಾಸ್ ಹುಟ್ಟಿದ್ದು 1825ರಲ್ಲಿ. 2025ರಲ್ಲಿ ಅವನ ಇನ್ನೂರನೇ ವರ್ಷವನ್ನು ಇಡೀ ಊರು ಆಚರಿಸಿತು. 2017ರಲ್ಲಿ ಆಸ್ಟ್ರಿಯಾ ದೇಶ ವಿಯೆನ್ನೀಸ್ ವಾಲ್ಟ್ಜನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಯಾವ ತಿಂಗಳು ಹೋಗಬೇಕು?

ಸೀಸನ್ ನವೆಂಬರ್ 11ಕ್ಕೆ ಶುರು. ಆದರೆ ನಿಜವಾದ ಗದ್ದಲ ಜನವರಿ, ಫೆಬ್ರವರಿಯದ್ದು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಆರಂಭವಾಗುವ ಬೂದಿ ಬುಧವಾರಕ್ಕೆ ಸೀಸನ್ ಮುಗಿಯುತ್ತದೆ. ಈ ದಿನ ಪ್ರತಿ ವರ್ಷ ಬದಲಾಗುತ್ತದೆ. 2026ರಲ್ಲಿ ಫೆಬ್ರವರಿ 18, 2027ರಲ್ಲಿ ಫೆಬ್ರವರಿ 10. ಅಂದರೆ 2027ರ ಸೀಸನ್ ಒಂದು ವಾರ ಚಿಕ್ಕದು. ರಜೆ ಹಾಕುವ ಮುಂಚೆ ಕ್ಯಾಲೆಂಡರ್ ನೋಡಿ. "ಫೆಬ್ರವರಿ ಕೊನೆಗೆ ಹೋಗೋಣ" ಅಂದರೆ ಎಷ್ಟೋ ವರ್ಷ ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಹೋಗೋದಾದರೆ ಆಪರಾ ಬಾಲ್‌ಗೇ ಹೋಗೋಣ, ಅಲ್ವಾ?

ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಮೊದಲ ಸಲಕ್ಕಂತೂ ಬೇಡ.

ಆಪರಾ ಬಾಲ್ ತುಂಬಾ ಹೆಸರುವಾಸಿ, ನಿಜ. ಬೂದಿ ಬುಧವಾರಕ್ಕೆ ಮುಂಚಿನ ಗುರುವಾರ ಸ್ಟೇಟ್ ಆಪರಾ ಎಂಬ ರಂಗಮಂದಿರದಲ್ಲಿ ನಡೆಯುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಮೊದಲ ಆಪರಾ ಬಾಲ್ ನಡೆದದ್ದು 1956ರಲ್ಲಿ. ಗಲ್ಫ್ ಯುದ್ಧದ ಕಾರಣ 1991ರಲ್ಲಿ, ಕೋವಿಡ್‌ನಿಂದ 2021 ಮತ್ತು 2022ರಲ್ಲಿ ನಿಂತಿತ್ತು. ಕೆಳಗಿನ ಕುರ್ಚಿಗಳನ್ನೆಲ್ಲ ಕಿತ್ತು, ವೇದಿಕೆಯ ಮಟ್ಟಕ್ಕೆ ಹೊಸ ನೆಲ ಹಾಸುತ್ತಾರೆ. ಸುಮಾರು ಐದು ಸಾವಿರ ಜನ ಸೇರುತ್ತಾರೆ. ಟಿವಿಯಲ್ಲಿ ನೇರ ಪ್ರಸಾರ ಇರುತ್ತದೆ. ಅಷ್ಟು ಜನರ ಮಧ್ಯೆ ಕುಣಿಯಲು ಜಾಗ ಸಿಗುವುದೇ ಕಷ್ಟ. ಬಂದವರಲ್ಲಿ ಅರ್ಧ ಜನ ಕುಣಿಯಲು ಬಂದಿಲ್ಲ, ಯಾರು ಯಾರ ಜೊತೆ ಬಂದಿದ್ದಾರೆ ಅಂತ ನೋಡಲು ಬಂದಿದ್ದಾರೆ ಅನಿಸುತ್ತದೆ. 2025ರಲ್ಲಿ ಬರೀ ಪ್ರವೇಶದ ಟಿಕೆಟ್ಟೇ ಮುನ್ನೂರು ಯೂರೋ ದಾಟಿತ್ತು. ಒಳ್ಳೆಯ ಬಾಕ್ಸ್, ಅಂದರೆ ಗುಂಪಾಗಿ ಕೂರುವ ಪ್ರತ್ಯೇಕ ಗೂಡು ಬೇಕೆಂದರೆ ಇಪ್ಪತ್ತು ಸಾವಿರ ಯೂರೋ ದಾಟುತ್ತದೆ. ಅಲ್ಲಿ ಸಾಸೇಜಿಗೆ ಎಷ್ಟು ಅನ್ನುವುದೇ ವರ್ಷಾ ವರ್ಷಾ ಪತ್ರಿಕೆಗಳಲ್ಲಿ ಸುದ್ದಿ.

ನಮ್ಮ ಗುಂಪಿಗೆ ಹೇಳಿ ಮಾಡಿಸಿದ್ದು ಹೋಫ್‌ಬುರ್ಗ್ ಅರಮನೆಯ ಕಾಫಿ ಹೌಸ್ ಮಾಲೀಕರ ಬಾಲ್ ಅಥವಾ ಮಿಠಾಯಿಯವರ ಬಾಲ್. ಒಂದು ಹಾಲ್‌ನಲ್ಲಿ ವಾಲ್ಟ್ಜ್, ಪಕ್ಕದ್ದರಲ್ಲಿ ಚಾ ಚಾ, ಇನ್ನೊಂದರಲ್ಲಿ ಜಾಸ್, ಮೂಲೆಯಲ್ಲೆಲ್ಲೋ ಡಿಸ್ಕೋ. ಒಂದು ಹಿಡಿಸದಿದ್ದರೆ ಎದ್ದು ಮುಂದಿನ ಹಾಲ್‌ಗೆ ಹೋಗಬಹುದು. ಮನೆ ಮಂದಿಯೆಲ್ಲ ಬಂದಿರುತ್ತಾರೆ. ಅರವತ್ತು ದಾಟಿದ ಗಂಡ ಹೆಂಡತಿ ಲೀಲಾಜಾಲವಾಗಿ ಸುತ್ತುವುದನ್ನು ನೋಡುವುದೇ ಒಂದು ಖುಷಿ.

ಸಂಗೀತದ ಹುಚ್ಚಿದ್ದವರಿಗೆ ವಿಯೆನ್ನಾ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದವರ ಫಿಲ್ಹಾರ್ಮೋನಿಕ್ ಬಾಲ್ ಇದೆ. ಹೊಸ ವರ್ಷದ ದಿನ ಅವರ ಕಛೇರಿಯನ್ನು ಟಿವಿಯಲ್ಲಿ ನೋಡುತ್ತೇವಲ್ಲ, ಮ್ಯೂಸಿಕ್‌ಫೆರೈನ್ ಸಂಗೀತ ಭವನದ ಅದೇ ಚಿನ್ನದ ಹಾಲ್‌ನಲ್ಲಿ ಜನವರಿಯಲ್ಲಿ ನಡೆಯುತ್ತದೆ. 1924ರ ಮೊದಲ ಬಾಲ್‌ಗೆಂದು ರಿಚರ್ಡ್ ಸ್ಟ್ರಾಸ್ ಬರೆದುಕೊಟ್ಟ ಕಹಳೆ ಸಂಗೀತದಿಂದಲೇ ಇವತ್ತಿಗೂ ಶುರುವಾಗುತ್ತದೆ. ಅಂದಹಾಗೆ, ಈ ರಿಚರ್ಡ್‌ಗೂ ವಾಲ್ಟ್ಜ್ ಕುಟುಂಬಕ್ಕೂ ಸಂಬಂಧವಿಲ್ಲ.

ತುಂಟಾಟ ಬೇಕಾ? ಬೂದಿ ಬುಧವಾರಕ್ಕೆ ಮುಂಚಿನ ಸೋಮವಾರ ಹೋಫ್‌ಬುರ್ಗ್‌ನಲ್ಲಿ ರುಡೊಲ್ಫೀನಾ ರೆಡೂಟ್ ಅನ್ನುವ ಮುಖವಾಡದ ಬಾಲ್ ಇರುತ್ತದೆ. ಮುಖವಾಡ ಹಾಕುವುದು ಹೆಂಗಸರು. ಮಧ್ಯರಾತ್ರಿವರೆಗೆ ಯಾರ ಜೊತೆ ಕುಣಿಯಬೇಕು ಅಂತ ಆರಿಸುವುದೂ ಅವರೇ. ಗಂಡಸರು ಕರೆ ಬರುವವರೆಗೆ ಕಾಯಬೇಕು.

ಟಿಕೆಟ್ ತಗೊಂಡರೆ ಕುರ್ಚಿ ಸಿಗುತ್ತಾ?

ಸಿಗಲ್ಲ! ಗುಂಪಾಗಿ ಹೋಗುವವರು ಎಡವುವುದೇ ಇಲ್ಲಿ. ಪ್ರವೇಶದ ಟಿಕೆಟ್ ಬೇರೆ, ಮೇಜಿನ ಜಾಗ ಬೇರೆ. ಪ್ರವೇಶ ಮಾತ್ರ ಇದ್ದರೆ ರಾತ್ರಿಯೆಲ್ಲ ನಿಂತು, ನಡೆದು, ಮೆಟ್ಟಿಲ ಮೇಲೆ ಕೂತು ಕಳೆಯಬೇಕು. ಹೈ ಹೀಲ್ಸ್‌ನಲ್ಲಿ ಅದು ತಮಾಷೆಯಲ್ಲ. ಇಡೀ ಗುಂಪಿಗೆ ಸೀಟು ತಗೊಳ್ಳಲು ಆಗದಿದ್ದರೂ ಒಂದು ಚಿಕ್ಕ ಮೇಜಾದರೂ ಇರಲಿ. ಬ್ಯಾಗ್ ಇಡಲು, ಸರದಿ ಮೇಲೆ ಕಾಲು ಚಾಚಲು ಒಂದು ಜಾಗ ಆಗುತ್ತದೆ. ದೊಡ್ಡ ಬಾಲ್‌ಗಳ ಪ್ರವೇಶ ಸಾಮಾನ್ಯವಾಗಿ ನೂರರಿಂದ ಇನ್ನೂರು ಯೂರೋ ಆಸುಪಾಸು. ವಿದ್ಯಾರ್ಥಿಗಳಿಗೆ ಕಡಿಮೆ. ಕುಡಿಯುವುದು, ತಿನ್ನುವುದು, ಕೋಟ್ ಇಡುವುದು ಎಲ್ಲಕ್ಕೂ ಬೇರೆ ದುಡ್ಡು. ಟಿಕೆಟ್‌ಗಳನ್ನು ಆಯಾ ಬಾಲ್‌ನ ಸ್ವಂತ ವೆಬ್‌ಸೈಟಿನಲ್ಲೇ ತಗೊಳ್ಳಿ.

ನನಗೆ ವಾಲ್ಟ್ಜ್‌ನ ಒಂದು ಹೆಜ್ಜೆಯೂ ಬರಲ್ಲ. ಏನು ಮಾಡಲಿ?

ಕಲಿಯಿರಿ. ಆರೇ ಹೆಜ್ಜೆ. ಮೂರು ಹೆಜ್ಜೆಗೆ ಅರ್ಧ ಸುತ್ತು, ಇನ್ನು ಮೂರಕ್ಕೆ ಉಳಿದರ್ಧ. ಬಲಕ್ಕೆ ತಿರುಗುವ ವಾಲ್ಟ್ಜ್‌ನಲ್ಲಿ ಗಂಡಸು ಬಲಗಾಲನ್ನು ಹೆಂಗಸಿನ ಎರಡು ಪಾದಗಳ ನಡುವೆ ಮುಂದಿಡುತ್ತಾನೆ, ಅವಳು ಎಡಗಾಲನ್ನು ಹಿಂದಿಡುತ್ತಾಳೆ. ಕಷ್ಟ ಇರುವುದು ವೇಗದಲ್ಲಿ. ನಿಮಿಷಕ್ಕೆ ಸುಮಾರು 180 ತಾಳ, ಅಂದರೆ ಸೆಕೆಂಡಿಗೆ ಮೂರು ಹೆಜ್ಜೆ. ಕನ್ನಡಿ ಮುಂದೆ ನಿಧಾನಕ್ಕೆ ಚೆನ್ನಾಗಿ ಬಂದದ್ದು ಆರ್ಕೆಸ್ಟ್ರಾ ಶುರುವಾದಾಗ ಮರೆತೇ ಹೋಗುತ್ತದೆ. ಅದಕ್ಕೇ ಹೊರಡುವ ಎರಡು ತಿಂಗಳ ಮುಂಚೆ ಬೆಂಗಳೂರಿನಲ್ಲೇ ಬಾಲ್‌ರೂಮ್ ಕಲಿಸುವ ಕಡೆ ಸೇರಿ, ವಾರಕ್ಕೆ ಒಂದೆರಡು ಸಲ ನಿಜವಾದ ವೇಗದಲ್ಲಿ ಅಭ್ಯಾಸ ಮಾಡಿ.

ಕೆಲವು ಕಿವಿಮಾತು. ಹೆಜ್ಜೆ ಚಿಕ್ಕದಿರಲಿ. ನೆಲ ನೋಡಬೇಡಿ, ತಲೆ ಸುತ್ತುತ್ತದೆ; ಜೊತೆಯವರ ಭುಜದಾಚೆಗೆ ದೂರ ನೋಡಿ. ಎಲ್ಲರೂ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಹಾಲ್ ಸುತ್ತುತ್ತಾರೆ. ವೇಗ ಇದ್ದವರು ಹೊರಗಿನ ಸುತ್ತಿನಲ್ಲಿ, ಕಲಿಯುವವರು ಒಳಗೆ. ಸುಸ್ತಾದರೆ ಮಧ್ಯಕ್ಕೆ ಸರಿದು ನಿಲ್ಲಿ. ಹೊರಗಿನ ಸುತ್ತಿನಲ್ಲಿ ತಟ್ಟನೆ ನಿಂತರೆ ಹಿಂದಿನವರು ಬಂದು ಗುದ್ದುತ್ತಾರೆ. ನಮ್ಮ ರಿಂಗ್ ರೋಡ್ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸಂಗತಿ. ವಿಯೆನ್ನಾದ ವಾದಕರು ಒಂದು-ಎರಡು-ಮೂರನ್ನು ಸಮನಾಗಿ ಬಾರಿಸುವುದಿಲ್ಲ. ಎರಡನೆಯದು ಒಂದು ಚೂರು ಮುಂಚೆ ಬೀಳುತ್ತದೆ. ಸಮನಾಗಿ ತಾಳ ಹಾಕುವ ಮೆಟ್ರೋನೋಮ್ ಯಂತ್ರ ಇಟ್ಟು ಕಲಿತವರಿಗೆ ಮೊದಲು ಗಲಿಬಿಲಿ ಆಗುತ್ತದೆ, ಎರಡು ಸುತ್ತಿನಲ್ಲಿ ಕಾಲೇ ಹೊಂದಿಕೊಳ್ಳುತ್ತದೆ. ಬೇಕಿದ್ದರೆ ಅಲ್ಲಿಗೆ ಹೋದ ಮೇಲೂ ಒಂದು ಪಾಠ ತಗೊಳ್ಳಿ. 1919ರಿಂದ ನಡೆಯುತ್ತಿರುವ ಎಲ್ಮಾಯರ್ ನೃತ್ಯಶಾಲೆ ಹೋಫ್‌ಬುರ್ಗ್ ಹತ್ತಿರವೇ ಇದೆ. ಎಡಕ್ಕೆ ತಿರುಗುವ ವಾಲ್ಟ್ಜ್‌ನ ಸಹವಾಸ ಮಾತ್ರ ಈ ಸಲಕ್ಕೆ ಬೇಡ.

ಜೋಡಿ ಇಲ್ಲದೆ ಬರುತ್ತಿದ್ದೇನೆ. ನಮ್ಮ ಗುಂಪಿನಲ್ಲಿ ಹೆಂಗಸರೇ ಜಾಸ್ತಿ.

ತೊಂದರೆಯಿಲ್ಲ. ಟ್ಯಾಕ್ಸಿ ಡಾನ್ಸರ್ ಅಂತ ಇರುತ್ತಾರೆ. ದುಡ್ಡು ಕೊಟ್ಟರೆ ಚೆನ್ನಾಗಿ ಕುಣಿಯಲು ಬರುವವರೊಬ್ಬರು ನಿಮ್ಮ ಗುಂಪಿನ ಜೊತೆಗಿದ್ದು, ಒಬ್ಬೊಬ್ಬರನ್ನಾಗಿ ಕುಣಿಸುತ್ತಾರೆ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ಮೊದಲೇ ಬುಕ್ ಮಾಡಿಕೊಳ್ಳಿ. ಇಬ್ಬರು ಗೆಳತಿಯರು ಒಟ್ಟಿಗೆ ಕುಣಿದರೂ ಯಾರೂ ಏನೂ ಅನ್ನಲ್ಲ. ಅಪರಿಚಿತರು ಬಂದು ಬಾಗಿ ಕೇಳಿದರೆ ಒಂದು ನೃತ್ಯಕ್ಕೆ ಹೋಗಬಹುದು. ಅದು ಮುಗಿದ ಮೇಲೆ ನಿಮ್ಮ ಮೇಜಿನವರೆಗೆ ವಾಪಸ್ ಕರೆತಂದು ಬಿಡುವುದು ಅಲ್ಲಿನ ಮರ್ಯಾದೆ. ಇಷ್ಟ ಇಲ್ಲದಿದ್ದರೆ ನಗುತ್ತಾ ಬೇಡ ಅಂದರೆ ಸಾಕು.

ಗಂಡಸರು ಏನು ಹಾಕಬೇಕು? ಮದುವೆಯ ಸೂಟ್ ನಡೆಯುತ್ತಾ?

ಯಾವ ಬಾಲ್ ಅನ್ನುವುದರ ಮೇಲಿದೆ. ಆಪರಾ ಬಾಲ್‌ಗೆ ಹಿಂದೆ ಬಾಲದಂತೆ ಇಳಿಬಿದ್ದ ಟೈಲ್ ಕೋಟ್, ಬಿಳಿ ವೇಸ್ಟ್‌ಕೋಟ್, ಬಿಳಿ ಬೋ ಟೈ, ಬೇರೆ ಮಾತೇ ಇಲ್ಲ. ಹೋಫ್‌ಬುರ್ಗ್‌ನ ಬಹುತೇಕ ಬಾಲ್‌ಗಳಲ್ಲಿ ಟಕ್ಸಿಡೋ, ಅಂದರೆ ಬಾಲವಿಲ್ಲದ ಕಪ್ಪು ಔತಣದ ಸೂಟ್, ಮತ್ತು ಕಪ್ಪು ಬೋ ಟೈ ಸಾಕು. ಟಕ್ಸಿಡೋಗೆ ಬಿಳಿ ಬೋ ಟೈ ಕಟ್ಟಬೇಡಿ, ಅದು ಟೈಲ್ ಕೋಟಿಗೆ ಮಾತ್ರ. ಟೈಲ್ ಕೋಟ್ ಹಾಕಿದರೆ ಕೈಗಡಿಯಾರ ಬಿಚ್ಚಿಡಿ. ಬಾಡಿಗೆಗೆ ಕೊಡುವ ಅಂಗಡಿಗಳು ವಿಯೆನ್ನಾದಲ್ಲಿ ಇವೆ. ಅಳತೆಗಳನ್ನು ಒಂದು ತಿಂಗಳ ಮುಂಚೆಯೇ ಕಳಿಸಿ, ಹಿಂದಿನ ದಿನ ಹೋಗಿ ಹಾಕಿ ನೋಡಿ. ಬಂದ್‌ಗಲಾ ಹಾಕಬೇಕು ಅಂತ ಆಸೆ ಇದ್ದವರು ಆಯೋಜಕರಿಗೆ ಮೇಲ್ ಮಾಡಿ ಉತ್ತರ ತರಿಸಿಕೊಂಡು, ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಡ್ರೆಸ್ ಕೋಡ್ ವಿಷಯದಲ್ಲಿ ಬಾಗಿಲಲ್ಲಿರುವವರು ಗಟ್ಟಿಗರು.

ಸೀರೆ ಉಟ್ಟು ವಾಲ್ಟ್ಜ್ ಕುಣಿಯಬಹುದಾ?

ಖಂಡಿತ ಕುಣಿಯಬಹುದು. ಹೆಂಗಸರ ನಿಯಮ ನೆಲ ಮುಟ್ಟುವ ಉಡುಪು. ಸೀರೆ ಅದಕ್ಕೆ ಸರಿಹೊಂದುತ್ತದೆ. ಸುಮ್ನೆ ಒಂದು ಮೇಲ್ ಹಾಕಿ ಖಾತ್ರಿ ಮಾಡಿಕೊಳ್ಳಿ. ಬಿಳಿ ಸೀರೆ ಮಾತ್ರ ಬೇಡ. ಬಿಳಿ ಅಂದರೆ ಡೆಬ್ಯುಟಾಂಟ್ ಹುಡುಗಿಯರ ಬಣ್ಣ.

ಕಷ್ಟ ಇರುವುದು ಉಡುವ ರೀತಿಯಲ್ಲಿ. ಸೆರಗು ಎಡ ಭುಜದ ಮೇಲಿಂದ ಬೆನ್ನಿಗೆ ಇಳಿಯುತ್ತದೆ, ಅಲ್ವಾ? ಗಂಡಸಿನ ಬಲಗೈ ಬರುವುದು ಸರಿಯಾಗಿ ಅಲ್ಲಿಗೇ, ನಿಮ್ಮ ಎಡ ಹೆಗಲಿನ ಕೆಳಗೆ. ಸೆರಗು ಅವನ ಕೈಯಡಿ ಸಿಕ್ಕಿಕೊಂಡರೆ ಮೊದಲ ಸುತ್ತಿನಲ್ಲೇ ಭುಜದ ಪಿನ್ ಎಳೆಯುತ್ತದೆ. ಹಾಗಾಗಿ ಸೆರಗನ್ನು ಚಿಕ್ಕದಾಗಿ ಬಿಟ್ಟು, ಮಡಿಕೆ ಹಾಕಿ, ಬೆನ್ನ ಹಿಂದಿನಿಂದ ತಂದು ಬಲ ಸೊಂಟಕ್ಕೆ ಸಿಕ್ಕಿಸಿ. ಎರಡು ಪಿನ್ ಇರಲಿ. ನೆರಿಗೆ ಇನ್ನೊಂದು ತಲೆನೋವು. ಅವನ ಕಾಲು ನಿಮ್ಮ ಪಾದಗಳ ನಡುವೆ ಬರುವುದರಿಂದ ಉದ್ದದ ನೆರಿಗೆಯನ್ನು ಖಂಡಿತ ತುಳಿಯುತ್ತಾನೆ. ಹಿಮ್ಮಡಿ ಕಾಣದಷ್ಟು, ಆದರೆ ನೆಲ ಗುಡಿಸದಷ್ಟು ಎತ್ತರಕ್ಕೆ ಉಟ್ಟು, ನೆರಿಗೆಗೆ ಒಳಗಿನಿಂದ ಪಿನ್ ಹಾಕಿ. ಒಳಲಂಗ ಘೇರು ಇರುವಂಥದ್ದು ಬೇಕು. ಈಗಿನ ಬಿಗಿಯಾದ ಶೇಪ್‌ವೇರ್‌ನಲ್ಲಿ ವಾಲ್ಟ್ಜ್‌ನಲ್ಲಿ ಹಿಂದಕ್ಕೆ ಹೆಜ್ಜೆ ಇಡಲು ಆಗುವುದೇ ಇಲ್ಲ.

ಕಾಂಜೀವರಂ ಭಾರ, ದಪ್ಪ ಜರಿ ಬೇರೆ. ಎರಡು ಗಂಟೆಯಲ್ಲಿ ಬೆವರು ಇಳಿಸುತ್ತದೆ. ಮೈಸೂರು ಸಿಲ್ಕ್ ಕ್ರೇಪ್ ಹಗುರ, ಸುತ್ತಿದಾಗ ಚೆನ್ನಾಗಿ ಬೀಳುತ್ತದೆ. ನಮ್ಮ ಮತ ಅದಕ್ಕೇ. ಉಟ್ಟುಕೊಂಡೇ ಅಭ್ಯಾಸ ಮಾಡಿ. ಚೂಡಿದಾರದಲ್ಲಿ ಕಲಿತು ಅಲ್ಲಿ ಸೀರೆ ಉಟ್ಟರೆ ಕಲಿತದ್ದೆಲ್ಲ ವೇಸ್ಟ್.

ಶೂ ಬಗ್ಗೆ: ರಬ್ಬರ್ ತಳ ನೆಲಕ್ಕೆ ಅಂಟಿಕೊಂಡು ಮಂಡಿ ತಿರುಚುತ್ತದೆ. ಚರ್ಮದ ತಳ, ಹಿಮ್ಮಡಿಗೆ ಪಟ್ಟಿ ಇರುವಂಥದ್ದು ತಗೊಳ್ಳಿ. ಬೀದಿಯಲ್ಲಿ ಹಿಮ ಇರಬಹುದು, ಆದ್ದರಿಂದ ಬೂಟಿನಲ್ಲಿ ಹೋಗಿ ಕೋಟ್ ಕೌಂಟರಿನಲ್ಲಿ ಬದಲಿಸಿಕೊಳ್ಳಿ.

ಮಧ್ಯರಾತ್ರಿ ಕ್ವಾಡ್ರಿಲ್ ಅಂತಾರಲ್ಲ, ಅದೇನು?

ಇಡೀ ರಾತ್ರಿಯ ಮಜಾ ಅದರಲ್ಲೇ ಇದೆ, ತಪ್ಪಿಸಿಕೊಳ್ಳಬೇಡಿ. ನೂರಾರು ಜನ ಎದುರುಬದುರು ಉದ್ದ ಸಾಲುಗಳಲ್ಲಿ ನಿಲ್ಲುತ್ತಾರೆ. ಹೆಂಗಸು ತನ್ನ ಜೊತೆಯವನ ಬಲಕ್ಕೆ. ಸಾಮಾನ್ಯವಾಗಿ ಸ್ಟ್ರಾಸ್‌ನ ಫ್ಲೆಡರ್‌ಮೌಸ್ ಕ್ವಾಡ್ರಿಲ್ ಬಾರಿಸುತ್ತಾರೆ. ಮೈಕ್ ಹಿಡಿದವರೊಬ್ಬರು ಜರ್ಮನ್, ಫ್ರೆಂಚ್ ಬೆರೆಸಿ ಹೆಜ್ಜೆಗಳನ್ನು ಕೂಗುತ್ತಾರೆ. ಕಾಂಪ್ಲಿಮೆಂಟ್ ಅಂದಾಗ ಬಾಗಿ ವಂದಿಸಬೇಕು. ಶೇನ್ ಅಂದಾಗ ಎದುರಿನವರಿಗೆ ಕೈ ಕೊಟ್ಟು ದಾಟಿ ಆ ಕಡೆ ಹೋಗಬೇಕು. ಒಟ್ಟು ಆರು ಭಾಗ. ಕೊನೆಯದನ್ನು ಮತ್ತೆ ಮತ್ತೆ, ಪ್ರತಿ ಸಲ ಇನ್ನಷ್ಟು ಜೋರಾಗಿ ಬಾರಿಸುತ್ತಾರೆ. ಅಷ್ಟು ಹೊತ್ತಿಗೆ ಊರಿನವರಿಗೂ ದಾರಿ ತಪ್ಪಿರುತ್ತದೆ. ಪಕ್ಕದ ಸಾಲಿನ ಯಾರೋ ನಿಮ್ಮ ಕೈ ಹಿಡಿದಿರುತ್ತಾರೆ, ನಿಮ್ಮ ಗಂಡ ಇನ್ನಾರ ಜೊತೆಗೋ ಇರುತ್ತಾರೆ, ಎಲ್ಲರೂ ನಗುತ್ತಿರುತ್ತಾರೆ. ಆಮೇಲೆ ಜೋಡಿಜೋಡಿಯಾಗಿ ಹಾಲ್ ತುಂಬಾ ಓಡುವ ಗ್ಯಾಲಪ್. ಭಾಷೆ ಬರದಿದ್ದರೆ ಎದುರಿನವರನ್ನು ನೋಡಿ ಮಾಡಿದರೆ ಆಯಿತು.

ನಾವು ವೆಜ್. ಮೊಟ್ಟೆಯೂ ತಿನ್ನಲ್ಲ. ಉಪವಾಸವೇ ಗತಿಯಾ?

ಇಲ್ಲ, ಆದರೆ ಹುಷಾರಾಗಿರಬೇಕು. ಬಾಲ್ ಮುಗಿದ ಮೇಲೆ ಗುಲಾಶ್ ಸೂಪ್ ಇಲ್ಲವೇ ಸಾಸೇಜ್ ತಿನ್ನುವುದು ಅಲ್ಲಿನ ಪದ್ಧತಿ. ಎರಡೂ ಮಾಂಸ. ಬೀದಿಯ ಸಾಸೇಜ್ ಅಂಗಡಿಯಲ್ಲಿ ಕೇಸೆಕ್ರೈನರ್ ಅಂತ ಬೋರ್ಡ್ ಇರುತ್ತದೆ. ಕೇಸೆ ಅಂದರೆ ಚೀಸ್ ಅಂತ ಯಾರೋ ಹೇಳಿದ್ದು ಕೇಳಿ ಚೀಸಿನ ತಿಂಡಿ ಅಂದುಕೊಳ್ಳಬೇಡಿ. ಅದು ಹಂದಿಮಾಂಸದ ಸಾಸೇಜಿನ ಒಳಗೆ ಚೀಸ್ ತುಂಬಿದ್ದು. ಇದಕ್ಕಿಂತ ಮೋಸದ್ದು ಆಲೂಗಡ್ಡೆ ಸಲಾಡ್. ನೋಡಲು ಶುದ್ಧ ಸಸ್ಯಾಹಾರ. ಆದರೆ ವಿಯೆನ್ನಾದವರು ಅದನ್ನು ಸಾಮಾನ್ಯವಾಗಿ ದನದ ಮಾಂಸ ಬೇಯಿಸಿದ ನೀರಿನಲ್ಲಿ ನೆನೆಸುತ್ತಾರೆ. ತಿಳಿ ಸೂಪುಗಳ ಕಥೆಯೂ ಅದೇ. ಕೇಕ್, ಪ್ಯಾನ್‌ಕೇಕ್, ಈ ಸೀಸನ್ನಿಗೇ ಅಂತ ಕರಿಯುವ ಏಪ್ರಿಕಾಟ್ ಜಾಮಿನ ಕ್ರಾಪ್‌ಫೆನ್, ಎಲ್ಲದರಲ್ಲೂ ಮೊಟ್ಟೆ.

ಹಾಗಾದರೆ? ಬಾಲ್‌ಗೆ ಮುಂಚೆ ಸಂಜೆ ಆರಕ್ಕೆ ಹೊಟ್ಟೆ ತುಂಬಾ ಊಟ ಮಾಡಿ. ಊರಲ್ಲಿ ಇಂಡಿಯನ್ ಹೋಟೆಲ್‌ಗಳು ಇವೆ, ಫಲಾಫೆಲ್ ಎಲ್ಲ ಕಡೆ ಸಿಗುತ್ತದೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ಚಿತ್ರಾನ್ನಕ್ಕೆ ಯಾರ ಅಪ್ಪಣೆಯೂ ಬೇಡ. ಬೆಳಗಿನ ಜಾವಕ್ಕೆ ಚಟ್ನಿಪುಡಿ, ಅವಲಕ್ಕಿ ರೂಮಿನಲ್ಲಿ ಇಟ್ಟಿರಿ. ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಬುಗ್ಗೆಯಿಂದ ಬರುತ್ತದೆ, 1873ರಿಂದಲೂ. ಬಾಟಲಿಗೆ ದುಡ್ಡು ಸುರಿಯಬೇಡಿ.

ಅಪ್ಪ ಅಮ್ಮ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಅಪ್ಪ ಅಮ್ಮ ಖಂಡಿತ ಬರಲಿ, ಮೇಜಿನ ಸೀಟು ಇದ್ದರೆ. ಚಿಕ್ಕ ಮಕ್ಕಳಿಗೆ ಇದು ಜಾಗವಲ್ಲ.

ವೀಸಾ?

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಬೇಕು. ದೊಡ್ಡವರಿಗೆ ಫೀಸ್ 90 ಯೂರೋ, ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನದಲ್ಲಿ ಆಗಬೇಕು ಅನ್ನುವುದು ನಿಯಮ, 45 ದಿನದವರೆಗೂ ಎಳೆಯಬಹುದು. ಗುಂಪಿನವರೆಲ್ಲ ಒಂದೇ ವಾರ ಹಾಕಿ. ಪತ್ರದಲ್ಲಿ ಬಾಲ್‌ನ ಹೆಸರು, ದಿನಾಂಕ ಬರೆದು ಟಿಕೆಟ್ ಪ್ರತಿ ಲಗತ್ತಿಸಿ.

ಬೆಳಗಿನ ಜಾವದವರೆಗೆ ಎಚ್ಚರ ಇರಲು ಆಗುತ್ತಾ? ವಾಪಸ್ ಬರುವುದು ಹೇಗೆ?

ಚಳಿಗಾಲದಲ್ಲಿ ವಿಯೆನ್ನಾ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಬಾಲ್ ಶುರುವಾದಾಗ ನಿಮ್ಮ ಮೈಗೆ ಬೆಳಗಿನ ಜಾವ ಒಂದೂವರೆ. ಆದ್ದರಿಂದ ಇಳಿದ ದಿನವೇ ಬಾಲ್ ಇಟ್ಟುಕೊಳ್ಳಬೇಡಿ. ಮೂರನೇ ದಿನ ಒಳ್ಳೆಯದು. ಅವತ್ತು ಮಧ್ಯಾಹ್ನ ನಾಚಿಕೆಯಿಲ್ಲದೆ ಮೂರು ಗಂಟೆ ಮಲಗಿ. ಶುಕ್ರವಾರ, ಶನಿವಾರ ರಾತ್ರಿ ಮೆಟ್ರೋ ಬೆಳಗಿನವರೆಗೂ ಓಡುತ್ತದೆ. ಬೇರೆ ದಿನ ಮಧ್ಯರಾತ್ರಿ ಕಳೆದ ಮೇಲೆ ನಿಲ್ಲುತ್ತದೆ, ಆಗ ರಾತ್ರಿ ಬಸ್ ಇಲ್ಲವೇ ಟ್ಯಾಕ್ಸಿ. ಹೊರಡುವಾಗ ಕೋಟ್ ಕೌಂಟರಿನಲ್ಲಿ ದೊಡ್ಡ ಕ್ಯೂ ಇರುತ್ತದೆ. ಗುಂಪಿನ ಟೋಕನ್‌ಗಳನ್ನೆಲ್ಲ ಒಬ್ಬರ ಕೈಗೆ ಕೊಟ್ಟು ಮುಂಚೆಯೇ ಕಳಿಸಿ. ಬರುವಾಗ ಹೆಂಗಸರಿಗೆ ದಾಮೆನ್‌ಸ್ಪೆಂಡೆ ಅನ್ನುವ ಚಿಕ್ಕ ಉಡುಗೊರೆ ಕೊಡುತ್ತಾರೆ, ಕೇಳಿ ಇಸ್ಕೊಳ್ಳಿ.

ಬೀದಿಯಲ್ಲಿ ವಿಗ್ ಹಾಕಿದವರು ಟಿಕೆಟ್ ಮಾರುತ್ತಾರಂತೆ?

ಹೌದು, ಆಪರಾ ಮತ್ತು ಸ್ಟೆಫಾನ್ಸ್ ಚರ್ಚ್ ಸುತ್ತಮುತ್ತ, ಮೊಜಾರ್ಟ್ ವೇಷದಲ್ಲಿ. ಅವರು ಮಾರುವುದು ಪ್ರವಾಸಿಗರ ಸಂಗೀತ ಕಾರ್ಯಕ್ರಮದ ಟಿಕೆಟ್. ಅದಕ್ಕೂ ಬಾಲ್‌ಗೂ ಸಂಬಂಧವಿಲ್ಲ.

ಉಳಿದ ದಿನಗಳಲ್ಲಿ ಏನು ನೋಡಬಹುದು?

ವಾಲ್ಟ್ಜ್ ತಲೆಗೆ ಹತ್ತಿದ್ದರೆ ಪ್ರಾಟರ್‌ಸ್ಟ್ರಾಸೆ 54ಕ್ಕೆ ಹೋಗಿ. 1867ರಲ್ಲಿ ನೀಲಿ ಡ್ಯಾನ್ಯೂಬ್ ವಾಲ್ಟ್ಜ್ ಹುಟ್ಟಿದ ಕಾಲಕ್ಕೆ ಸ್ಟ್ರಾಸ್ ಇದ್ದ ಮನೆ ಈಗ ಮ್ಯೂಸಿಯಂ. 71ನೇ ನಂಬರ್ ಟ್ರಾಮ್ ಹಿಡಿದರೆ ಸೆಂಟ್ರಲ್ ಸ್ಮಶಾನ ಸಿಗುತ್ತದೆ. ಅಲ್ಲಿ ಸ್ಟ್ರಾಸ್, ಬ್ರಾಮ್ಸ್, ಶೂಬರ್ಟ್, ಬೀಥೊವನ್ ಸಮಾಧಿಗಳು ಒಂದೇ ಕಡೆ ಇವೆ. ಸೋಮವಾರ ಹಲವು ಮ್ಯೂಸಿಯಂಗಳಿಗೆ ರಜೆ, ಅದನ್ನು ನೋಡಿಕೊಂಡು ಪ್ಲಾನ್ ಮಾಡಿ. ಬಾಲ್‌ನ ಮಾರನೇ ದಿನ ಬೆಳಿಗ್ಗೆ ಮಾತ್ರ ಏನನ್ನೂ ಇಟ್ಟುಕೊಳ್ಳಬೇಡಿ, ಯಾರೂ ಏಳಲ್ಲ.